ಮೊದಲ ಗೇರಿನ ಕಾಕಾ

ನಮ್ಮ ಕಾಕಾ ಕಾರುಗಳನ್ನು ವೇಗವಾಗಿ ಓಡಿಸುವ ವಿದ್ಯೆಗೇ ಸಂಬಳ ಪಡೆದವರು. ಆದರೆ ನಾಸಿಕದ ರಸ್ತೆಗಳಲ್ಲಿ ಅವರ ಕಾರನ್ನು ಹಿಂದೆ ಹಾಕದ ವಾಹನವಿಲ್ಲ. ಈರುಳ್ಳಿ ತುಂಬಿದ ಟ್ರ್ಯಾಕ್ಟರುಗಳು ಹಿಂದೆ ಹಾಕಿವೆ. ಚಕ್ರದಲ್ಲಿ ಗಾಳಿಯಿಲ್ಲದ ಸೈಕಲ್ಲೊಂದು ಹಿಂದೆ ಹಾಕಿದೆ. ಒಮ್ಮೆ ಸಿಗ್ನಲ್ಲಿನಲ್ಲಿ ಹಸಿರು ದೀಪ ಬಿದ್ದ ಮೇಲೆ ಒಬ್ಬ ಅಜ್ಜಿ ನಮ್ಮ ಕಾರಿನ ಮುಂದೆ ಆರಾಮವಾಗಿ ರಸ್ತೆ ದಾಟಿ, ಆಚೆ ಹೋದ ಮೇಲೆ ಏನೋ ಮರೆತದ್ದು ನೆನಪಾಗಿ, ಮತ್ತೆ ಈಚೆಗೆ ದಾಟಿ ಬಂದದ್ದನ್ನು ನಾನು ಹಿಂದಿನ ಸೀಟಿನಿಂದ ಕಣ್ಣಾರೆ ಕಂಡಿದ್ದೇನೆ. ಕಾಕಾ ಆಗಲೂ ಮೊದಲ ಗೇರಿನಲ್ಲೇ ಇದ್ದರು.

ಕಾಕಾ ಎಂದರೆ ನನ್ನ ಅಪ್ಪನ ತಮ್ಮ. ನಾವು ಧಾರವಾಡದ ಕಡೆಯವರು. ಅಪ್ಪನಿಗೆ ಮನ್ಮಾಡಿನ ಬ್ಯಾಂಕಿಗೆ ವರ್ಗವಾದಾಗ ಮಗಳ ಬಿ.ಎಸ್ಸಿ. ಓದಿಗೆಂದು ನಾಸಿಕದಲ್ಲಿದ್ದ ಕಾಕಾನ ಮನೆಗೆ ನನ್ನನ್ನು ಸೇರಿಸಿದರು. ಕಾಕಾ ಅಲ್ಲಿ ಕಾರು ತಯಾರಿಸುವ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ಅವರ ಸ್ವಂತ ಕಾರೂ ಅಲ್ಲಿಯದೇ. ಏನು ಕೆಲಸ ಎಂದು ಕೇಳಿದವರಿಗೆ "ಟರ್ಬೊ" ಎಂದಷ್ಟೇ ಹೇಳುತ್ತಿದ್ದರು. ಕೇಳಿದವರ ಮುಖದಲ್ಲಿ ಕೂಡಲೇ ಒಂದು ಗೌರವ ಮೂಡುತ್ತಿತ್ತು. ಅವರ ಕಾರಿನಲ್ಲಿ ಒಮ್ಮೆ ಕುಳಿತ ಮೇಲೆ ಅದು ಉಳಿಯುತ್ತಿರಲಿಲ್ಲ.

"ಟರ್ಬೊ ಅಂದರ ಏನ್ರಿ ಕಾಕಾ?" ಎಂದು ಬಂದ ಹೊಸದರಲ್ಲಿ ನಾನೂ ಕೇಳಿದ್ದೆ.

"ನಿಮ್ಮಜ್ಜಿ ಒಲಿ ಊದತಿದ್ದಳಲ್ಲ, ಊದುಗೊಳವಿ, ಅದೇ. ಎಂಜಿನ್ನಿನ ಹೊಗಿ ಸುಮ್ಮನ ಹೊರಗ ಹೋಗ್ತದ. ಅದರ ರಭಸಕ್ಕ ಒಂದು ಸಣ್ಣ ಚಕ್ರ ತಿರಗೂ ಹಾಂಗ ಮಾಡ್ತೀವಿ. ಆ ಚಕ್ರ ಎಂಜಿನ್ನಿಗೆ ಹೆಚ್ಚಿನ ಗಾಳಿ ಒತ್ತಿ ಊದತದ. ಗಾಳಿ ಹೆಚ್ಚಾತು, ಉರಿ ಹೆಚ್ಚಾತು, ಜೋರು ಹೆಚ್ಚಾತು. ಆ ಗಾಳಿಯ ಒತ್ತಡಕ್ಕ ಬೂಸ್ಟ್ ಅಂತಾರ."

"ಮತ್ತ ಆ ಬೂಸ್ಟ್ ಹೆಚ್ಚು ಮಾಡೂದು ನಿಮ್ಮ ಕೆಲಸೇನು?"

"ಅಲ್ಲ. ಕಡಿಮಿ ಮಾಡೂದು."

ಇದನ್ನು ಹೇಳುವಾಗ ಅವರ ಮುಖದಲ್ಲಿ ಎಂಥ ಹೆಮ್ಮೆಯಿತ್ತೆಂದರೆ, ಇಡೀ ಕಾರ್ಖಾನೆ ಗಾಳಿ ಊದುವವರಿಂದಲೇ ತುಂಬಿಹೋಗಿದೆ, ತಡೆಯುವವರು ತಾವೊಬ್ಬರೇ ಎಂಬಂತಿತ್ತು. ಒಂದು ಮಟ್ಟಿಗೆ ಅದು ನಿಜವೂ ಆಗಿತ್ತು. ಮೊದಲ ಗೇರಿನಲ್ಲಿ ಎಂಜಿನ್ನಿನ ಬಲ ಚಕ್ರಕ್ಕೆ ಮುಟ್ಟುವಷ್ಟರಲ್ಲಿ ಹಲವು ಪಟ್ಟಾಗಿರುತ್ತದಂತೆ. "ಅದು ಹುಟ್ಟಾ ಜಟ್ಟಿ," ಎಂದು ಕಾಕಾ ವಿವರಿಸಿದರು. "ಅದಕ್ಕ ಮ್ಯಾಲ ಟರ್ಬೊನೂ ಪೂರ್ತಿ ಊದಿದರ ಏನಾಗ್ತದ? ಟಾಯರು ಇದ್ದಲ್ಲೇ ಗರಗರ ತಿರಗ್ತಾವ, ಗಾಡಿ ಮುಂದ ಹೋಗೂದಿಲ್ಲ. ಇಲ್ಲಾ, ಗೇರಿನ ಹಲ್ಲು ಉದರತಾವ. ಅದಕ್ಕ ಕಾರಿನೊಳಗಿನ ಕಂಪ್ಯೂಟರಿಗೆ ಹೇಳಿಟ್ಟಿರತೀವಿ, ಮೊದಲಿನ ಎರಡು ಗೇರಿನಾಗ ಬೂಸ್ಟ್ ಹಿಡದು ಕೊಡು, ಮೂರನೇದಕ್ಕ ಬಂದ ಮ್ಯಾಲ ಬಿಡು ಅಂತ. ಎಷ್ಟು ಹಿಡೀಬೇಕು, ಯಾವಾಗ ಬಿಡಬೇಕು, ಅದನ್ನ ಹೇಳಾಂವ ನಾನು."

"ಕಂಪ್ಯೂಟರು ಹಿಡೀತದಲ್ಲ, ಮತ್ತ ನಿಮ್ಮ ಕಾಲು ಯಾಕ ಹಿಡೀಬೇಕು?"

"ಎಲ್ಲಾ ಯಂತ್ರದ ಮ್ಯಾಲ ಹಾಕಬಾರದು, ಕೂಸ."

ಹೀಗೆ ಕಂಪ್ಯೂಟರು ಅರ್ಧ ತಡೆದದ್ದನ್ನು ಕಾಕಾ ಮತ್ತರ್ಧ ತಡೆದು, ನಮ್ಮ ಗಲ್ಲಿಯಿಂದ ದೊಡ್ಡ ರಸ್ತೆಗೆ ಬರುವುದರೊಳಗೆ ನಾನು ಬೆಳಗಿನ ಪಾಠವನ್ನು ಒಮ್ಮೆ ಓದಿ ಮುಗಿಸುತ್ತಿದ್ದೆ.

ಈ ಶಾಸ್ತ್ರವನ್ನು ಅವರು ಕಾರಿಗಷ್ಟೇ ಬಿಟ್ಟಿದ್ದರೆ ನಾನು ಈ ಪ್ರಬಂಧ ಬರೆಯಬೇಕಾಗುತ್ತಿರಲಿಲ್ಲ. ಜಗತ್ತಿನಲ್ಲಿ ಹೊಸದಾಗಿ ಶುರುವಾಗುವ ಯಾವುದೇ ಆಗಲಿ, ಅದು ಮೊದಲ ಗೇರಿನಲ್ಲಿದೆ, ಅದಕ್ಕೆ ಬೂಸ್ಟ್ ಕೊಡಬಾರದು ಎಂಬುದು ಅವರ ನಂಬಿಕೆ. ಊಟಕ್ಕೆ ಕುಳಿತರೆ ಮೊದಲ ಸಲದ ಅನ್ನಕ್ಕೆ ತುಪ್ಪವಿಲ್ಲ. ಮೂರನೆಯ ಸಲಕ್ಕೆ ಬಂದ ಮೇಲೆ ಬೇಕಾದಷ್ಟು. ಮೊದಲ ಸಲಕ್ಕೇ ಹೊಟ್ಟೆ ತುಂಬುವ ನನ್ನಂಥವರು ಆ ಮನೆಯಲ್ಲಿ ತುಪ್ಪದ ವಾಸನೆಯನ್ನಷ್ಟೇ ಉಂಡಿದ್ದೇವೆ. ಮನೆಗೆಲಸಕ್ಕೆ ಹೊಸಬಳು ಬಂದಾಗ, ಮೊದಲ ವಾರ ವರಾಂಡಾ ಮಾತ್ರ ಗುಡಿಸು, ಆಮೇಲೆ ಒಳಗೆ ಬಾ ಎಂದರು. ಆಕೆ ಬುದ್ಧಿವಂತೆ. ವರಾಂಡಾಕ್ಕೂ ಇಡೀ ಮನೆಗೂ ಸಂಬಳ ಒಂದೇ ಎಂಬುದನ್ನು ಗ್ರಹಿಸಿ, ನಾನು ಆ ಮನೆ ಬಿಡುವವರೆಗೂ ಹೊಸ್ತಿಲು ದಾಟಲಿಲ್ಲ!

ಗಣೇಶೋತ್ಸವದ ಕಥೆ ಇನ್ನೂ ದೊಡ್ಡದು. ನಾಸಿಕದ ಢೋಲೆಂದರೆ ಗೊತ್ತಲ್ಲ, ಎದೆಯ ಗೂಡಿನೊಳಗೆ ಬಾರಿಸಿದಂತೆ ಇರುತ್ತದೆ. ಒಂದು ವರ್ಷ ಗಲ್ಲಿಯ ಮಂಡಳದವರು ಏನು ತಿಳಿದೋ ಕಾಕಾನನ್ನು ಅಧ್ಯಕ್ಷರನ್ನಾಗಿ ಮಾಡಿದರು. ಎಂಜಿನಿಯರ್ ಸಾಹೇಬರು, ಮೇಲಾಗಿ ಟರ್ಬೊ! ಗಣಪತಿ ತರುವ ದಿನ ಕಾಕಾ ಢೋಲಿನವರನ್ನು ಸಾಲಾಗಿ ನಿಲ್ಲಿಸಿ, ಮೊದಲ ತಿರುವಿನವರೆಗೆ ಒಬ್ಬನೇ ಬಾರಿಸಬೇಕು, ಎರಡನೆಯ ತಿರುವಿನಿಂದ ಇಬ್ಬರು, ಆಮೇಲೆ ಎಲ್ಲರೂ ಎಂದು ಅಪ್ಪಣೆ ಮಾಡಿದರು. ನಮ್ಮ ಗಲ್ಲಿಗೆ ಇದ್ದದ್ದು ಒಂದೇ ತಿರುವು. ಗಣಪತಿ ಒಂದೇ ಢೋಲಿನಲ್ಲಿ ಬಂದು ಕುಳಿತ. ಪಕ್ಕದ ಗಲ್ಲಿಯವರು ಬಂದು, "ನಿಮ್ಮ ಬಪ್ಪಾಗ ಮೈ ಹುಷಾರಿಲ್ಲೇನು?" ಎಂದು ವಿಚಾರಿಸಿಕೊಂಡು ಹೋದರು.

ಇವನ್ನೆಲ್ಲ ನನಗಿಂತ ಚೆನ್ನಾಗಿ ಹೇಳುತ್ತಿದ್ದವರು ಕಾಕು, ಎಂದರೆ ಕಾಕಾನ ಹೆಂಡತಿ. ತಮ್ಮ ಮದುವೆಯ ಹೊಸ ದಿನಗಳನ್ನು ಅವರು ವರ್ಣಿಸುವಾಗ ಕಾಕಾ ಎದುರಿಗೇ ಕುಳಿತು ಪೇಪರು ಓದುತ್ತಿದ್ದರು.

"ಮೊದಲನೇ ತಿಂಗಳು ಇವರು ನನ್ನ ಜೋಡಿ ಆಡಿದ್ದು ಒಂದೇ ಮಾತು. ಊಟ ಆತೇನು? ಎರಡನೇ ತಿಂಗಳು, ಊಟ ಚೊಲೋ ಇತ್ತು. ನಾ ನಮ್ಮವ್ವಗ ಫೋನ್ ಮಾಡಿ ಅತ್ತುಬಿಟ್ಟೆ, ಪಾಪ, ಮನಶ್ಯಾ ಒಳ್ಳ್ಯಾಂವ ಇದ್ದಾನ, ಆದರ ಮಾತು ಬರೂದಿಲ್ಲ ಕಾಣಸ್ತದ ಅಂತ."

"ಮುಂದಿಂದೂ ಹೇಳು," ಎಂದರು ಕಾಕಾ, ಪೇಪರಿನ ಹಿಂದಿನಿಂದ.

"ಮುಂದಿಂದೇನು, ಮೂರನೇ ತಿಂಗಳ ತ್ರ್ಯಂಬಕಕ್ಕ ಕರಕೊಂಡು ಹೋದ್ರು. ಹೋಗ್ತನಕಾ ಮಾತು, ಬರ್ತನಕಾ ಮಾತು. ದೇವರ ಮುಂದೂ ಮಾತು. ಪೂಜಾರಿ ಸುಮ್ಮನಿರ್ರಿ ಅಂದ."

ಇಷ್ಟು ಹೇಳಿ ಕಾಕು ನಗುತ್ತಿದ್ದರು. ನಕ್ಕ ಮೇಲೆ ಒಂದು ಗಳಿಗೆ ಆ ಪೇಪರಿನ ಕಡೆ ನೋಡುತ್ತಿದ್ದರು. ಆ ನೋಟ ನನಗೆ ಆಗ ಅರ್ಥವಾಗುತ್ತಿರಲಿಲ್ಲ.

ಕಾಕು ಬ್ಯಾಂಕಿನಲ್ಲಿ ಗುಮಾಸ್ತೆಯಾಗಿದ್ದರು. ನಾನು ಆ ಮನೆಗೆ ಬಂದ ಕೆಲವೇ ದಿನಗಳಿಗೆ ಅವರಿಗೆ ಆಫೀಸರಾಗಿ ಬಡ್ತಿ ಸಿಕ್ಕಿತು. ಜೊತೆಗೇ ಔರಂಗಾಬಾದಿಗೆ ವರ್ಗವೂ ಆಯಿತು. ಈಗಿನ ಛತ್ರಪತಿ ಸಂಭಾಜಿನಗರಕ್ಕೆ ಆಗಿನ್ನೂ ಔರಂಗಾಬಾದ್ ಎಂದು ಹೆಸರು. ಅಲ್ಲಿ ಸಿಡ್ಕೋ ಬಡಾವಣೆಯಲ್ಲಿ ಒಬ್ಬ ಮರಾಠಿ ಮಾವಶಿಯ, ಎಂದರೆ ಚಿಕ್ಕಮ್ಮನಂಥ ಮನೆಯೊಡತಿಯ, ಮಹಡಿಯಲ್ಲಿ ಎರಡು ಕೋಣೆ ಹಿಡಿದು ಕಾಕು ಒಬ್ಬರೇ ಇರತೊಡಗಿದರು. ಪ್ರತಿ ಶನಿವಾರ ಬೆಳಿಗ್ಗೆ ಕಾಕಾ ಕಾರು ತೆಗೆಯುತ್ತಿದ್ದರು. ಬಹಳಷ್ಟು ಶನಿವಾರ ನಾನೂ ಹೊರಡುತ್ತಿದ್ದೆ.

ಆ ಪ್ರಯಾಣ ಶುರುವಾಗುತ್ತಿದ್ದದ್ದು ಉಡುಪಿ ಕಡೆಯವರ ಹೋಟೆಲಿನಿಂದ. ಕಾಕುಗೆ ಅಲ್ಲಿಯ ಗೋಳಿಬಜೆ ಇಷ್ಟ. ಔರಂಗಾಬಾದಿಗೆ ಮುಟ್ಟುವಾಗ ಅದು ಚೆಂಡಿನಂತೆ ಗಟ್ಟಿಯಾಗಿರುತ್ತಿತ್ತು. ಆದರೂ ಒಂದು ವಾರವೂ ತಪ್ಪಿಸಿದ್ದಿಲ್ಲ. ಹೋಟೆಲಿನ ಯಜಮಾನರು ಪೊಟ್ಟಣ ಕಟ್ಟುತ್ತ ಒಮ್ಮೆ ಕೇಳಿದರು, "ನಿಮ್ಮ ಕಾರಿಗೆ ಟರ್ಬೊ ಉಂಟಂತಲ್ಲ ಮಾರಾಯ್ರೆ, ಹೌದಾ?"

"ಅದ. ಆದರ ಹಿಡದಿಟ್ಟೇವಿ."

"ಯಾರಿಗೆ ಅಂತ ಹಿಡಿದಿಟ್ಟದ್ದು?"

ಕಾಕಾ ದುಡ್ಡು ಕೊಟ್ಟರು. ಪೊಟ್ಟಣವನ್ನು ಮುಂದಿನ ಎಡಗಡೆಯ ಸೀಟಿನ ಮೇಲಿಟ್ಟರು. ಆ ಸೀಟಿನಲ್ಲಿ ನಾನು ಕೂರುವಂತಿರಲಿಲ್ಲ. ಮೊದಲ ಶನಿವಾರವೇ ನಾನು ಬಾಗಿಲು ತೆರೆದಾಗ, "ಹಿಂದ ಕೂಡು ಕೂಸ. ಆ ಸೀಟು ಅಕಿ ಅಳತಿಗೆ ಅದ. ನೀ ಎತ್ತರ ಇದ್ದೀ, ಹಿಂದ ಸರಸತೀ," ಎಂದಿದ್ದರು. ಹೀಗಾಗಿ ಆ ವರ್ಷಗಳಲ್ಲಿ ನಾನು ನಿಫಾಡದ ದ್ರಾಕ್ಷಿ ತೋಟಗಳನ್ನೂ ಯೇವಲಾದ ಪೈಠಣಿ ಸೀರೆಯ ಅಂಗಡಿಗಳನ್ನೂ ವೈಜಾಪುರದ ಬಯಲನ್ನೂ ನೋಡಿದ್ದು ಒಂದು ಖಾಲಿ ಸೀಟಿನ ಬೆನ್ನಿನ ಪಕ್ಕದಿಂದ.

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ನಾವು ಹೊರಡುವಾಗ ಕಾಕು ಗೇಟಿನವರೆಗೆ ಬರುತ್ತಿದ್ದರು. ಮಾವಶಿಯೂ ಬರುತ್ತಿದ್ದರು. ಕಾಕಾ ಮೊದಲ ಗೇರಿನಲ್ಲಿ ಹೊರಟು, ಆ ಬೀದಿಯ ಕೊನೆ ಮುಟ್ಟುವವರೆಗೂ ಇಬ್ಬರೂ ಕೈಬೀಸುತ್ತ ನಿಂತಿರಬೇಕಾಗುತ್ತಿತ್ತು. ಮಾವಶಿಯ ಕೈ ಸೋಲುತ್ತಿತ್ತು. "ಗಾಡಿ ಬಿಘಡಲೀ ಕಾ?" ಎಂದು, ಕಾರು ಕೆಟ್ಟಿದೆಯೇ ಎಂದು, ಆಕೆ ನಿಜವಾದ ಕಾಳಜಿಯಿಂದ ಕೇಳುತ್ತಿದ್ದದ್ದು ನಮಗೆ ಕಾರಿನೊಳಗೆ ಕೇಳಿಸುತ್ತಿತ್ತು, ನಾವು ಅಷ್ಟು ದೂರ ಹೋಗಿರುತ್ತಲೇ ಇರಲಿಲ್ಲ. ಗಾಡಿ ಸರಿಯಾಗಿದೆ, ಓಡಿಸುವವರೇ ಹಾಗೆ ಎಂದು ಕಾಕು ಮರಾಠಿಯಲ್ಲಿ ಸಮಾಧಾನ ಹೇಳುವುದೂ ಕೇಳಿಸುತ್ತಿತ್ತು.

ಬ್ಯಾಂಕಿನಲ್ಲಿ ವರ್ಷಕ್ಕೊಮ್ಮೆ ಯಾರಿಗೆ ಎಲ್ಲಿಗೆ ವರ್ಗ ಬೇಕೆಂದು ಕೇಳುತ್ತಿದ್ದರು. ಗಂಡ ಇರುವ ಊರನ್ನು ಕೇಳಿದವರಿಗೆ ಒಂದಿಷ್ಟು ಮೊದಲ ಮನ್ನಣೆ. ಮೊದಲ ವರ್ಷ ಕಾಕು ಸಲಹೆ ಕೇಳಿದಾಗ ಕಾಕಾ, "ಈಗ ತಾನ ಹೋಗೀಯಲ್ಲ," ಎಂದರು. ಕಾಕು ವರ್ಗ ಕೇಳಲಿಲ್ಲ. ಎರಡನೆಯ ವರ್ಷ, "ನೋಡು, ವಿಚಾರ ಮಾಡು," ಎಂದರು. ಆಗಲೂ ಕೇಳಲಿಲ್ಲ. ಮೂರನೆಯ ವರ್ಷ ಬಂತು.

ಆ ಭಾನುವಾರ ಬೆಳಿಗ್ಗೆ ಕಾಕಾ ಕೆಳಗೆ ಕಾರು ಒರೆಸುತ್ತಿದ್ದರು. ಕಾಕು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದರು. ನಾನು ಬದನೆಕಾಯಿ ಹೆಚ್ಚುತ್ತಿದ್ದೆ.

"ನಾಳಿಗೆ ಮ್ಯಾನೇಜರಗ ಹೇಳಬೇಕು, ಬೇಕೋ ಬ್ಯಾಡೋ ಅಂತ," ಎಂದರು ಕಾಕು.

"ಬೇಕು ಅನ್ರಿ."

"ನಾ ಅಂದರ ಮುಗೀತೇನ?" ರೊಟ್ಟಿಯ ಮೇಲೆ ಅವರ ಕೈ ನಿಂತಿತು. "ಕೂಸ, ಖರೇ ಹೇಳು. ನಾ ಇಲ್ಲದ್ದು ಇವರಿಗೆ ಆರಾಮ ಅನ್ನಸ್ತದೇನು? ಒಮ್ಮೆರೆ ಬಾ ಅಂದಿಲ್ಲ. ಮೂರು ವರ್ಷದಾಗ ಒಮ್ಮೆನೂ ಇಲ್ಲ."

"ಹಂಗಲ್ಲ ಕಾಕು. ಅವರು ನಿಮ್ಮ ಸೀಟಿನ ಮ್ಯಾಲ ನನ್ನ ಕೂಡಸೂದಿಲ್ಲ."

"ಸೀಟು ಏನು ಮಾಡ್ಲಿ ನಾನು? ಸೀಟು ಮಾತಾಡ್ತದೇನು?"

"ನೀವ ಕೇಳ್ರಿ ಅವರನ್ನ."

"ಕೇಳಿ ಬಾ ಅನ್ನಿಸಿಕೊಂಡರ ಅದು ಅವರ ಮಾತಲ್ಲ, ನನ್ನ ಮಾತಾಗ್ತದ." ಮತ್ತೆ ರೊಟ್ಟಿ ಬಡಿಯತೊಡಗಿದರು. ಆ ರೊಟ್ಟಿ ತೀರ ತೆಳ್ಳಗಾಗಿ ನಡುವೆ ಹರಿಯಿತು.

ಊಟಕ್ಕೆ ಕುಳಿತಾಗ ಕಾಕು ಏನೂ ಆಗಿಲ್ಲವೆಂಬಂತೆ, "ನಾಳಿಗೆ ವರ್ಗದ ವಿಷಯ ಹೇಳಬೇಕ್ರಿ. ಏನ ಹೇಳ್ಲಿ?" ಎಂದರು.

ಕಾಕಾ ರೊಟ್ಟಿ ಮುರಿದರು. ಪಲ್ಯ ಹಚ್ಚಿಕೊಂಡರು. ತಿಂದರು. ನೀರು ಕುಡಿದರು. "ನಿನ್ನ ಇಷ್ಟ," ಎಂದರು.

ಕಾಕು ಮೂರನೆಯ ಸಲ ಅನ್ನ ಬಡಿಸಿ, ಅದರ ಮೇಲೆ ತುಪ್ಪ ಹಾಕಿದರು. ಅಂದು ಗೇಟಿಗೆ ಮಾವಶಿ ಒಬ್ಬರೇ ಬಂದಿದ್ದರು.

ಪರರ ಸಂಸಾರದ ವಿಷಯದಲ್ಲಿ ನಾನು ಬಾಯಿ ಹಾಕುವವಳಲ್ಲ. ನನ್ನ ವಿಷಯದಲ್ಲಿ ಇನ್ನೊಬ್ಬರು ಬಾಯಿ ಹಾಕುವುದೂ ನನಗೆ ಸೇರದು. ಆದರೆ ವೈಜಾಪುರದ ಹತ್ತಿರ ಚಹಾ ಕುಡಿಯಲು ನಿಲ್ಲಿಸಿದಾಗ, ಖಾಲಿ ಸೀಟಿನ ಮೇಲೆ ಕಾಕು ಪ್ರತಿ ವಾರ ಕೊಡುತ್ತಿದ್ದ ಡಬ್ಬಿ ಇಲ್ಲದಿದ್ದದ್ದು ಕಣ್ಣಿಗೆ ಬಿತ್ತು.

"ಕಾಕಾ, ಕಾಕುಗ ಬಾ ಅಂತ ಯಾಕ ಅನ್ನೂದಿಲ್ಲ ನೀವು?"

ಅವರು ಕಪ್ಪನ್ನು ಬಾನೆಟ್ಟಿನ ಮೇಲಿಟ್ಟರು. ಎಷ್ಟೋ ದಿನಗಳಿಂದ ಯಾರಾದರೂ ಈ ಪ್ರಶ್ನೆ ಕೇಳಲಿ ಎಂದು ಕಾದಿದ್ದವರಂತೆ, ನಿಧಾನವಾಗಿ, ವಿವರವಾಗಿ ಉತ್ತರ ಕೊಟ್ಟರು.

"ನೋಡು ಕೂಸ. ಅಕಿ ಈಗ ಹೊಸಾ ಆಫೀಸರ್. ಹೊಸಾ ಊರು. ಕೌಂಟರಿನ ಹಿಂದ ಇಷ್ಟು ವರ್ಷ ಕೂತಾಕಿ ಈಗ ಕ್ಯಾಬಿನ್ನಿನಾಗ ಕೂತಾಳ. ಇದು ಮೊದಲನೇ ಗೇರು. ಈಗ ನಾ ಒಂದು ಮಾತು ಅಂದರ, ಅದು ಅಕಿಗೆ ಮುಟ್ಟೂದರಾಗ ನಾಕು ಪಟ್ಟು ಆಗ್ತದ. ಬಾ ಅಂದರ ಎಲ್ಲಾ ಬಿಟ್ಟು ನಾಳೇನ ಬರ್ತಾಳ. ಆಮ್ಯಾಲ ಜನ್ಮಪೂರ್ತಿ, ನಿಂತು ಒಂದು ಶಾಖೆ ನಡಸಲಿಲ್ಲಲ್ಲಾ ಅಂತ ಕೊರಗ್ತಾಳ. ನನ್ನ ಜೋರು ನಾ ಹಿಡಕೊಂಡರ ಅಕಿ ನೆಟ್ಟಗ ಹೋಗ್ತಾಳ."

ಅವರ ಲೆಕ್ಕದಲ್ಲಿ ಒಂದೂ ತಪ್ಪಿರಲಿಲ್ಲ. ಅದೇ ನನಗೆ ಸಂಕಟವಾದದ್ದು. ಮೂರು ವರ್ಷ ಆ ಮನುಷ್ಯ ಒಂದು ಮಾತನ್ನು ಎಷ್ಟು ಜತನದಿಂದ ಹಿಡಿದಿಟ್ಟಿದ್ದರೆಂದರೆ, ಯಾರಿಗಾಗಿ ಹಿಡಿದಿದ್ದರೋ ಅವರು ಆ ಮಾತೇ ಇಲ್ಲವೆಂದು ತಿಳಿದು ಕುಳಿತಿದ್ದರು.

"ಶಾಖೆ ಅವರು ನಡಸ್ಲಿಕ್ಕತ್ತು ಎರಡು ವರ್ಷ ಆತು ಕಾಕಾ. ಮ್ಯಾನೇಜರು ರಜಾ ಹೋದರ ಕೀಲಿಕೈ ಅವರ ಕಡೀನ ಇರ್ತದ. ಇನ್ನೂ ಮೊದಲನೇ ಗೇರೇನು?"

ಕಾಕಾ ಕಪ್ಪನ್ನು ಬಾನೆಟ್ಟಿನ ಮೇಲೆ ಒಂದಿಷ್ಟು ಆಚೆ ಸರಿಸಿದರು.

"ನಾ ಇಲ್ಲದ್ದು ಇವರಿಗೆ ಆರಾಮ ಅನ್ನಸ್ತದೇನು ಅಂತ ಕೇಳಿದರು ನನಗ, ಇವತ್ತ ಮುಂಜಾನೆ."

ಕಾಕಾ ಕಪ್ಪಿನ ಕಡೆ ನೋಡಿದರು. ನನ್ನ ಕಡೆ ನೋಡಿದರು. "ಹಂಗಂದಳಾ?" ಎಂದರು. ಚಹಾ ಅಲ್ಲೇ ಬಿಟ್ಟು ಕಾರು ಹತ್ತಿದರು. ಕಪ್ಪನ್ನು ಬಾನೆಟ್ಟಿನಿಂದ ತೆಗೆದು ಅಂಗಡಿಯವನಿಗೆ ಕೊಟ್ಟು ಬರುವಷ್ಟು ಹೊತ್ತೂ ನನಗೆ ಸಿಗುವುದೋ ಇಲ್ಲವೋ ಅನ್ನಿಸಿತು.

ಕಾರು ತಿರುಗಿತು. ಆ ದಿನ ಕಾಕಾನ ಕಾಲು ಮೊದಲ ಸಲ ಕೊನೆಯವರೆಗೆ ಇಳಿದದ್ದನ್ನು ನಾನು ಕಂಡೆ. ಎಂಜಿನ್ನು ಗುರುಗುಟ್ಟಿತು. ಆದರೆ ಕಾರು ಸಾವಕಾಶವಾಗಿಯೇ ಹೊರಟಿತು. ಕಾಕಾ ಸ್ಟೇರಿಂಗಿಗೆ ಒಂದು ಗುದ್ದು ಕೊಟ್ಟರು.

"ಏಳವಲ್ಲದಲ್ಲ ಇದು! ಯಾವ ಶಾಣ್ಯಾ ಇದನ್ನ ಇಷ್ಟು ಕಟ್ಟಿ ಇಟ್ಟಾನ?"

"ನೀವ ಕಾಕಾ," ಎಂದೆ, ಹಿಂದಿನ ಸೀಟಿನಿಂದ.

ಎರಡನೆಯ ಗೇರಿಗೂ ಅದೇ ಪಾಡು. ಮೂರನೆಯದಕ್ಕೆ ಬಿದ್ದದ್ದೇ ತಡ, ಯಾರೋ ಹಿಂದಿನಿಂದ ದಬ್ಬಿದಂತಾಗಿ ನನ್ನ ತಲೆ ಸೀಟಿಗೆ ಅಂಟಿಕೊಂಡಿತು. ವರ್ಷಗಳಿಂದ ನಮ್ಮನ್ನು ಹಿಂದೆ ಹಾಕುತ್ತಿದ್ದ ಟ್ರ್ಯಾಕ್ಟರುಗಳು ಒಂದೊಂದಾಗಿ ಹಿಂದೆ ಸರಿದವು. ನನಗೆ ಹೆದರಿಕೆಯಾಗಬೇಕಿತ್ತು. ಆಗಲಿಲ್ಲ. ಕಾಕಾ ದಾರಿಯುದ್ದಕ್ಕೂ ತುಟಿ ಅಲ್ಲಾಡಿಸುತ್ತಿದ್ದರು. ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸುತ್ತಿದ್ದರೆಂದು ಕಾಣುತ್ತದೆ. ಮಧ್ಯೆ ಒಮ್ಮೆ ತಲೆಯಾಡಿಸಿ ಮೊದಲಿನಿಂದ ಶುರುಮಾಡಿದರು.

ಸಿಡ್ಕೋ ತಲುಪಿದಾಗ ಇನ್ನೂ ಬಿಸಿಲಿತ್ತು. ಅಂಗಳದಲ್ಲಿ ಹಪ್ಪಳ ತಿರುವುತ್ತಿದ್ದ ಮಾವಶಿ ಕಾರು ಬಂದ ರಭಸಕ್ಕೆ ಎದ್ದು ನಿಂತರು. ಈ ಸಲ ಕಾರು ಖಂಡಿತ ಕೆಟ್ಟಿದೆ ಎಂಬುದರಲ್ಲಿ ಅವರಿಗೆ ಅನುಮಾನವೇ ಉಳಿಯಲಿಲ್ಲ.

ಕಾಕಾ ಮೆಟ್ಟಿಲು ಹತ್ತಿದರು. ನಾನು ಅರ್ಧಕ್ಕೇ ನಿಂತೆ. ಬಾಗಿಲು ತೆರೆದೇ ಇತ್ತು. ಅಡಿಗೆಮನೆಯ ನಲ್ಲಿಯ ಹತ್ತಿರ ಕಾಕು ಬೆನ್ನು ಮಾಡಿ ಮಧ್ಯಾಹ್ನದ ಪಾತ್ರೆ ತೊಳೆಯುತ್ತಿದ್ದದ್ದು ಕಾಣುತ್ತಿತ್ತು. ಹೆಜ್ಜೆಯ ಸಪ್ಪಳಕ್ಕೆ ಅವರ ಭುಜ ತಿರುಗಿತು, ಮುಖ ತಿರುಗಲಿಲ್ಲ.

"ಏನ ಬಿಟ್ಟು ಹೋಗಿದ್ರಿ?" ಎಂದರು.

ಕಾಕಾ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಒಂದೂ ಅವರಿಗೆ ಸಿಗಲಿಲ್ಲ. ಚೌಕಟ್ಟಿಗೆ ಕೈಕೊಟ್ಟು ನಿಂತರು. ಅಷ್ಟು ದೂರ ತಾವೇ ಓಡಿ ಬಂದವರಂತೆ ಏದುಸಿರು ಬಿಡುತ್ತಿದ್ದರು.

"ನೀ ಇಲ್ಲದ ಮನ್ಯಾಗ ನಂಗ ಆಗವಲ್ಲದು. ಬಂದುಬಿಡು."

ಕಾಕು ಪಾತ್ರೆ ತೊಳೆಯುತ್ತಲೇ ಇದ್ದರು. ಆಗಲೇ ತೊಳೆದಿದ್ದ ಬೋಗುಣಿಯನ್ನೇ ಮತ್ತೆ ತೊಳೆದರು. ನಾನು ಸದ್ದಾಗದಂತೆ ಒಂದು ಮೆಟ್ಟಿಲು ಕೆಳಗಿಳಿದೆ. ಆಗ ಅವರ ದನಿ ಕೇಳಿಸಿತು.

"ಇನ್ನೊಮ್ಮೆ ಅನ್ರಿ."

ಕಾಕಾ ಅಂದರು.

ಕಾಕು ಕೈಚಾಚಿ ನಲ್ಲಿ ನಿಲ್ಲಿಸಿದರು. ಮನೆಯೆಲ್ಲ ಸದ್ದಡಗಿತು.

"ಇನ್ನೊಮ್ಮೆ."